ವಾಟರ್ ಪಂಪಿನ ಹೊಟ್ಟೆಯಲ್ಲೊಂದು ತೂತು

ಈ ಮೇಜಿನ ಮೇಲೆ ಕಾರಿನ ಎಂಜಿನ್ ತಣ್ಣಗಿಡುವ ವಾಟರ್ ಪಂಪ್ ಮೂರು ಇಟ್ಟಿದ್ದೇನೆ. ಮೂರೂ ಸತ್ತವು. ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ, ನೋಡಿ. ಮೊದಲನೆಯದರ ಪುಲ್ಲಿ, ಅಂದರೆ ಬೆಲ್ಟ್ ಕೂರುವ ಚಕ್ರ, ಹಿಡಿದು ಅಲ್ಲಾಡಿಸಿ, ಮಗುವಿನ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತದೆ. ಎರಡನೆಯದರ ಹಿಂಭಾಗ ತಿರುಗಿಸಿ ನೋಡಿ. ಅಲ್ಲಿ ರೆಕ್ಕೆಗಳು ಇರಬೇಕಿತ್ತು. ಈಗ ತುಕ್ಕು ತಿಂದ ನಾಲ್ಕು ಮೊಂಡು ಉಳಿದಿವೆ. ಮೂರನೆಯದು ಹೊಸದರಂತೆ ಕಾಣುತ್ತದೆ, ಅಲ್ವಾ? ಅದನ್ನು ಕೊಂದವನು ನಾನೇ. ಆ ಕಥೆ ಆಮೇಲೆ ಹೇಳುತ್ತೇನೆ.

ಹಾಸನದಲ್ಲಿ ಗ್ಯಾರೇಜ್ ನಡೆಸುವವನಿಗೆ ವಾಟರ್ ಪಂಪಿನ ಪರಿಚಯ ಬೇಡ ಅಂದರೂ ಆಗುತ್ತದೆ. ಮಂಗಳೂರು ಕಡೆಯಿಂದ ಶಿರಾಡಿ ಹತ್ತಿ ಬರುವ ಗಾಡಿಗಳು ಗುಂಡ್ಯ ದಾಟುವವರೆಗೆ ಚೆನ್ನಾಗಿಯೇ ಇರುತ್ತವೆ. ಘಾಟಿ ಹತ್ತುತ್ತಾ ಹತ್ತುತ್ತಾ ಒಳಗಿನ ಬಣ್ಣ ಬಯಲಾಗುತ್ತದೆ. ಸಕಲೇಶಪುರಕ್ಕೆ ಬರುವಷ್ಟರಲ್ಲಿ ಬಾನೆಟ್ ಅಡಿಯಿಂದ ಹೊಗೆ. ಟೋಯಿಂಗ್ ಗಾಡಿಯ ಮೇಲೆ ಕೂತು ನಮ್ಮಲ್ಲಿಗೆ ಬರುತ್ತವೆ. ಓನರ್ ಹೇಳುವ ಮಾತು ಯಾವಾಗಲೂ ಒಂದೇ: "ಇದ್ದಕ್ಕಿದ್ದ ಹಾಗೆ ಆಗೋಯ್ತು ಸರ್."

ಇದ್ದಕ್ಕಿದ್ದ ಹಾಗೆ ಆಗುವುದು ತುಂಬಾ ಕಡಿಮೆ. ವಾಟರ್ ಪಂಪ್ ಸಾಯುವ ಮೊದಲು ತಿಂಗಳುಗಟ್ಟಲೆ ಹೇಳುತ್ತಾ ಇರುತ್ತದೆ. ಹೇಳುವುದಕ್ಕೆ ಅಂತಲೇ ಅದರ ಹೊಟ್ಟೆಯಲ್ಲಿ ಒಂದು ತೂತು ಇಟ್ಟಿದ್ದಾರೆ. ಇವತ್ತಿನ ಮಾತೆಲ್ಲ ಆ ತೂತಿನ ಸುತ್ತವೇ.

ಮೊದಲು ಪಂಪಿನ ಕೆಲಸ ಏನು ನೋಡೋಣ. ನೀವು ಹಾಕಿಸುವ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಡಿ ಎಳೆಯುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಎಂಜಿನ್ನಿನ ಗೋಡೆಗೆ ಇಳಿಯುತ್ತದೆ. ಆ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ತಲುಪಿಸಿ, ತಣ್ಣಗಾಗಿ ವಾಪಸ್ ಬರುವುದು ಕೂಲೆಂಟ್. ಅದನ್ನು ಓಡಿಸುವುದು ಈ ಪಂಪ್. ಸಣ್ಣ ಕಾರಿನಲ್ಲಿ ಇರುವ ಕೂಲೆಂಟ್ ಒಟ್ಟು ನಾಲ್ಕೈದು ಲೀಟರ್, ಅಂದರೆ ಒಂದು ಸಣ್ಣ ಬಿಂದಿಗೆಯಷ್ಟು. ಅಷ್ಟನ್ನೇ ಪಂಪ್ ನಿಮಿಷಕ್ಕೆ ಹಲವು ಸಲ ಸುತ್ತಿಸುತ್ತದೆ.

ಪಂಪಿನೊಳಗೆ ದೊಡ್ಡ ರಹಸ್ಯವೇನೂ ಇಲ್ಲ. ಮಜ್ಜಿಗೆ ಕಡೆಯುವಾಗ ಪಾತ್ರೆ ತೀರಾ ತುಂಬಿದ್ದರೆ ಏನಾಗುತ್ತದೆ? ಕಡೆಗೋಲು ತಿರುಗಿದ ರಭಸಕ್ಕೆ ಮಜ್ಜಿಗೆ ಅಂಚಿಗೆ ಹೋಗಿ ಚೆಲ್ಲುತ್ತದೆ, ನಡುವೆ ಗುಳಿ ಬೀಳುತ್ತದೆ. ಇಲ್ಲೂ ಅಷ್ಟೇ. ರೆಕ್ಕೆ ತಿರುಗುತ್ತದೆ, ಕೂಲೆಂಟನ್ನು ಅಂಚಿಗೆ ಎಸೆಯುತ್ತದೆ. ನಡುವಿನ ಖಾಲಿ ಜಾಗಕ್ಕೆ ರೇಡಿಯೇಟರಿನಿಂದ ತಣ್ಣನೆಯದು ನುಗ್ಗುತ್ತದೆ. ಈ ರೆಕ್ಕೆಯ ಚಕ್ರಕ್ಕೆ ಇಂಪೆಲ್ಲರ್ ಅನ್ನುತ್ತಾರೆ.

ಪಂಪೇ ಇಲ್ಲದೆ ಗಾಡಿ ಓಡಿದ್ದೂ ಇದೆ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ ಬಂತಲ್ಲ, ಅದರ ಮೊದಲ 2,500 ಗಾಡಿಗಳಿಗೆ ವಾಟರ್ ಪಂಪ್ ಇತ್ತು. ಆಮೇಲೆ ತೆಗೆದುಹಾಕಿದರು. ಬಿಸಿ ನೀರು ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ತಣ್ಣನೆಯದು ಕೆಳಗೆ ಇಳಿಯುತ್ತದೆ, ಪಂಪ್ ಯಾಕೆ ಅನ್ನುವ ಲೆಕ್ಕ. ನಿಮ್ಮ ಮನೆ ತಾರಸಿಯ ಸೋಲಾರ್ ಹೀಟರ್ ಹಾಗೇ ಅಲ್ವಾ ಕೆಲಸ ಮಾಡುವುದು? ಟ್ಯಾಂಕ್ ಮೇಲೆ, ಕೊಳವೆ ಕೆಳಗೆ, ಮೋಟರ್ ಇಲ್ಲ. ಆದರೆ ಇಪ್ಪತ್ತು ಕುದುರೆಶಕ್ತಿಯ ಎಂಜಿನ್ನಿಗೆ ಅದು ಸಾಕು. ಇವತ್ತಿನ ಸಣ್ಣ ಕಾರಿಗೂ ಅರುವತ್ತು ಎಪ್ಪತ್ತು ಕುದುರೆಶಕ್ತಿ ಇದೆ. ಆ ಬಿಸಿಯನ್ನು ನಿಧಾನಕ್ಕೆ ಏರುವ ನೀರು ಹೊರಲಾರದು.

ಈಗ ತೂತಿಗೆ ಬರೋಣ. ಮೊದಲನೆಯ ಪಂಪ್ ಯಾರ ಕೈಯಲ್ಲಿದೆ? ಪುಲ್ಲಿಗೂ ರೆಕ್ಕೆಗೂ ನಡುವಿನ ಕತ್ತು ನೋಡಿ. ಕೆಳಭಾಗದಲ್ಲಿ ಊದುಬತ್ತಿ ಕಡ್ಡಿ ತೂರುವಷ್ಟು ಒಂದು ತೂತಿದೆ. ಅದೇ ವೀಪ್ ಹೋಲ್. ನಮ್ಮ ಹುಡುಗರು ಅದನ್ನು ಅಳೋ ತೂತು ಅನ್ನುತ್ತಾರೆ, ನನಗೂ ಆ ಹೆಸರೇ ಇಷ್ಟ. ಇದು ಯಾಕೆ ಬೇಕು? ಪಂಪಿನ ಶಾಫ್ಟ್, ಅಂದರೆ ತಿರುಗುವ ಕಂಬಿ, ಅದರ ಒಂದು ತುದಿ ನೀರಿನಲ್ಲಿದೆ, ಇನ್ನೊಂದು ತುದಿ ಹೊರಗೆ ಬೆಲ್ಟಿನಲ್ಲಿದೆ. ನಡುವೆ ಬೇರಿಂಗ್, ಅದರೊಳಗೆ ಗ್ರೀಸ್. ನೀರು ಬೇರಿಂಗಿಗೆ ಹೋಗದಂತೆ ತಡೆಯುವುದು ಸೀಲ್. ಈ ಸೀಲಿನಲ್ಲಿ ಎರಡು ಉಂಗುರ. ಒಂದು ಸಾಮಾನ್ಯವಾಗಿ ಕಾರ್ಬನ್, ಇನ್ನೊಂದು ಪಿಂಗಾಣಿಯಂಥ ಗಟ್ಟಿ ವಸ್ತು. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಸ್ಪ್ರಿಂಗ್ ಅವೆರಡನ್ನೂ ಒತ್ತಿ ಹಿಡಿದಿರುತ್ತದೆ. ಎರಡರ ಮಧ್ಯೆ ಕೂಲೆಂಟಿನ ತೆಳ್ಳನೆಯ ಪೊರೆ. ಆ ಪೊರೆಯೇ ಎಣ್ಣೆಯ ಕೆಲಸ ಮಾಡುತ್ತದೆ.

ಅಂದರೆ ಸೀಲಿಗೂ ಕೂಲೆಂಟ್ ಬೇಕು. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಆ ಪೊರೆಯಿಂದ ಒಂದಿಷ್ಟು ತೇವ ಹೊರಗೆ ಬರುವುದು ಸಹಜ. ಬಂದದ್ದು ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ ಅಂತ ಈ ತೂತು. ಹೊಸ ಪಂಪಿನಲ್ಲಿ ಮೊದಲ ಕೆಲವು ದಿನ ಅಲ್ಲಿ ಸ್ವಲ್ಪ ಪಸೆ ಕಂಡರೆ ಹೆದರಬೇಡಿ. ಸೀಲಿನ ಉಂಗುರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಾ ಇರುತ್ತವೆ. ಆದರೆ ತೊಟ್ಟಿಕ್ಕುತ್ತಿದ್ದರೆ ಸೀಲ್ ಸೋತಿದೆ ಅಂತಲೇ ಅರ್ಥ.

ಒಬ್ಬ ಗಿರಾಕಿ ಈ ತೂತಿಗೆ ಎಂ-ಸೀಲ್ ಮೆತ್ತಿಕೊಂಡು ಬಂದಿದ್ದರು. ಸೋರಿಕೆ ನಿಂತಿದೆ ಅಂತ ಖುಷಿಯಾಗಿದ್ದರು. ನಿಂತಿರಲಿಲ್ಲ. ದಾರಿ ಸಿಗದ ನೀರು ಬೇರಿಂಗಿಗೆ ತಿರುಗಿ ಗ್ರೀಸನ್ನೆಲ್ಲ ತೊಳೆದಿತ್ತು. ಮೂರು ವಾರಕ್ಕೆ ಪಂಪ್ ಕಿರುಚಲು ಶುರು ಮಾಡಿತು. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದರೆ ಹೊಟ್ಟೆನೋವು ಹೋಗುತ್ತಾ?

ಇನ್ನೊಬ್ಬರು ಟ್ಯಾಕ್ಸಿ ಓಡಿಸುವವರು. ಗಾಡಿಯನ್ನು ಮನೆಯವರಿಗಿಂತ ಜಾಸ್ತಿ ನೋಡಿಕೊಳ್ಳುವವರು. ದಿನಾ ಬೆಳಗ್ಗೆ ಪೂಜೆ, ಆಮೇಲೆ ಬಾನೆಟ್ ಎತ್ತಿ ಅರ್ಧ ಲೀಟರ್ ನೀರು. "ದಿನಾ ಸ್ವಲ್ಪ ಕುಡಿಯತ್ತೆ ಸರ್, ಅಭ್ಯಾಸ ಆಗೋಗಿದೆ" ಅಂದರು. ಮೂರು ತಿಂಗಳಿಂದ! ಕೂಲಿಂಗ್ ವ್ಯವಸ್ಥೆ ಅನ್ನುವುದು ಮುಚ್ಚಿದ ಪಾತ್ರೆ. ಅದು ನೀರು ಕುಡಿಯುವುದಿಲ್ಲ. ಕಡಿಮೆಯಾದರೆ ಎಲ್ಲೋ ಹೋಗುತ್ತಿದೆ. ವರ್ಷಕ್ಕೆ ಬೊಗಸೆಯಷ್ಟು ಕಡಿಮೆಯಾದರೆ ಸರಿ, ತಿಂಗಳಿಗೆ ಲೀಟರ್ ಆದರೆ ಹುಡುಕಿ. ಅವರ ಗಾಡಿಯಲ್ಲಿ ನೆಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಅದಕ್ಕೇ ಅನುಮಾನ ಬಂದಿರಲಿಲ್ಲ. ಪಂಪಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಎಂಜಿನ್ನಿನ ಮೈಮೇಲೆ ಬಿಳಿ ಗೆರೆ, ವಿಭೂತಿ ಎಳೆದ ಹಾಗೆ. ಸೋರಿದ್ದು ಬಿಸಿ ಎಂಜಿನ್ನಿನ ಮೇಲೇ ಆವಿಯಾಗಿ ಉಪ್ಪು ಮಾತ್ರ ಉಳಿದಿತ್ತು.

ಹಾಗಾಗಿ ನೆಲ ನೋಡಿದರೆ ಸಾಲದು, ಪಂಪ್ ನೋಡಬೇಕು. ಕೂಲೆಂಟ್ ಹಸಿರಿದ್ದರೆ ಹಸಿರು ಗೆರೆ, ಗುಲಾಬಿ ಇದ್ದರೆ ಗುಲಾಬಿ ಗೆರೆ. ಜೊತೆಗೆ ಬೆಲ್ಲದ ಪಾಕದಂಥ ಸಿಹಿ ವಾಸನೆ. ಬೇರಿಂಗ್ ಹೋಗುತ್ತಿದ್ದರೆ ಶಬ್ದ ಬರುತ್ತದೆ, ಗುರ್ ಗುರ್ ಅಂತ, ಎಂಜಿನ್ ವೇಗ ಏರಿಸಿದರೆ ಶಬ್ದವೂ ಏರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೇರಿಂಗ್ ಕೂಡ ಹೀಗೇ ಕೂಗುತ್ತದೆ. ಯಾವುದು ಅಂತ ತಿಳಿಯಬೇಕಾದರೆ ಎಂಜಿನ್ ಆಫ್ ಮಾಡಿ, ಬೆಲ್ಟ್ ಕಳಚಿ, ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಮರಳು ಅರೆದ ಹಾಗೆ ಅನ್ನಿಸುವುದೇ ಕಳ್ಳ. ಪುಲ್ಲಿಯ ಮೇಲಂಚು ಕೆಳಂಚು ಹಿಡಿದು ಅಲ್ಲಾಡಿಸಿ. ಒಳ್ಳೆಯ ಪಂಪಿನಲ್ಲಿ ಕೈಗೆ ಸಿಗುವಷ್ಟು ಆಟ ಇರಬಾರದು.

ಒಂದು ಜಾತಿಯ ಸಾವು ಮಾತ್ರ ಮೌನವಾಗಿ ಬರುತ್ತದೆ. ಎರಡನೆಯ ಪಂಪ್ ನೋಡಿದಿರಲ್ಲ, ಅದು ಆ ಜಾತಿ. ಸೋರುವುದಿಲ್ಲ, ಕೂಗುವುದಿಲ್ಲ, ಪುಲ್ಲಿ ಸೊಗಸಾಗಿ ತಿರುಗುತ್ತದೆ. ಒಳಗೆ ರೆಕ್ಕೆಯೇ ಇಲ್ಲ. ಪ್ಲಾಸ್ಟಿಕ್ ಇಂಪೆಲ್ಲರ್ ಆದರೆ ಬಿರುಕು ಬಿಟ್ಟು ಶಾಫ್ಟಿನ ಮೇಲೆ ಸುಮ್ನೆ ಜಾರುತ್ತಲೂ ಇರಬಹುದು. ಐಡಲ್‌ನಲ್ಲಿ ಪರವಾಗಿಲ್ಲ, ಏರು ಸಿಕ್ಕಿದ ಕೂಡಲೇ ಬಿಸಿ. ಇಂಥದ್ದನ್ನು ಬಿಚ್ಚಿದರೆ ಮಾತ್ರ ಗೊತ್ತಾಗುವುದು.

ಆದರೆ ಬಿಸಿಯಾದದ್ದಕ್ಕೆಲ್ಲ ಪಂಪ್ ಕಾರಣ ಅಂತ ಹೊರಟರೆ ದುಡ್ಡು ದಂಡ. ನಾನು ಮೊದಲು ಕೇಳುವುದು, ಎಲ್ಲಿ ಬಿಸಿಯಾಯಿತು? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿ, ಹೈವೇಯಲ್ಲಿ ತಣ್ಣಗೆ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನೇ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಟ್ರಾಫಿಕ್ಕಿನಲ್ಲಿ ಸರಿ, ಘಾಟಿಯಲ್ಲಿ ಬಿಸಿ ಅಂದರೆ ಕಟ್ಟಿಕೊಂಡ ರೇಡಿಯೇಟರ್, ಸಿಕ್ಕಿಕೊಂಡ ಥರ್ಮೋಸ್ಟಾಟ್, ಇಲ್ಲವೇ ಪಂಪ್. ಇದು ಹತ್ತಕ್ಕೆ ಹತ್ತು ಸರಿಹೋಗುವ ಸೂತ್ರ ಅಲ್ಲ, ಹುಡುಕಾಟ ಶುರು ಮಾಡಲು ಸಾಕು.

ಥರ್ಮೋಸ್ಟಾಟ್ ಅಂದಾಗ ಒಂದು ಮಾತು. ನಮ್ಮ ಕಡೆ ಒಂದು ಹಳೆಯ ಚಾಳಿ ಇದೆ: ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. "ಅದು ಚಳಿ ದೇಶಕ್ಕೆ ಸರ್, ನಮಗ್ಯಾಕೆ?" ಅಂತ. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಹೊತ್ತಿಗೆ ತೆರೆದುಕೊಳ್ಳುವ ಬಾಗಿಲು. ಎಂಜಿನ್ ಬೇಗ ಬಿಸಿಯಾಗಲಿ, ಆದಮೇಲೆ ಅಲ್ಲೇ ನಿಲ್ಲಲಿ ಅಂತ ಇಟ್ಟದ್ದು. ಕಿತ್ತರೆ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೆ ಎಂಜಿನ್ ಅರ್ಧ ಗಂಟೆ ತಣ್ಣಗೇ ಓಡುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪಿಸ್ಟನ್ ಓಡಾಡುವ ಬೋರ್ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಇನ್ನೂ ತಮಾಷೆ. ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದು, ಒಂದಿಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಣ್ಣಗಾಗಲಿ ಅಂತ ಕಿತ್ತದ್ದಕ್ಕೆ ಬಿಸಿ ಇನ್ನೂ ಜಾಸ್ತಿ.

ಪಂಪನ್ನು ಕೊಲ್ಲುವವರು ಯಾರು? ನನ್ನ ಲೆಕ್ಕದಲ್ಲಿ ಮೊದಲ ಹೆಸರು ನಮ್ಮ ಬೋರ್‌ವೆಲ್ ನೀರು. ಬಿಸಿನೀರು ಕಾಯಿಸುವ ಹಂಡೆಯ ಒಳಗೆ ಯಾವತ್ತಾದರೂ ಉಗುರಿನಿಂದ ಕೆರೆದಿದ್ದೀರಾ? ಬಿಳಿ ಚಕ್ಕೆ ಏಳುತ್ತದೆ. ಅರಸೀಕೆರೆ, ಕೋಲಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದೇ ಚಕ್ಕೆ ಎಂಜಿನ್ನಿನ ಒಳಗೂ ಕಟ್ಟುತ್ತದೆ. ರೇಡಿಯೇಟರಿನ ಕೊಳವೆಗಳು ಸಣ್ಣವು, ಅವು ಮೊದಲು ಕಟ್ಟಿಕೊಳ್ಳುತ್ತವೆ. ಎದ್ದ ಚೂರುಗಳು ಕೂಲೆಂಟಿನ ಜೊತೆ ಸುತ್ತುತ್ತಾ ಸೀಲಿನ ಆ ಎರಡು ಉಂಗುರಗಳ ಮಧ್ಯೆ ಸಿಕ್ಕಿ ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಕರಾವಳಿಯವರು ನಗಬಹುದು, ನಮ್ಮ ಬಾವಿ ನೀರು ಮೆದು ಅಂತ. ಚಕ್ಕೆ ಕಟ್ಟಲಿಕ್ಕಿಲ್ಲ, ತುಕ್ಕು ಹಿಡಿಯುವುದು ತಪ್ಪುವುದಿಲ್ಲ. ಎರಡನೆಯ ಪಂಪಿನ ರೆಕ್ಕೆ ತಿಂದದ್ದು ಬರೀ ನೀರೇ.

ಕೂಲೆಂಟ್ ಅಂದರೆ ಬಣ್ಣದ ನೀರು ಅಂತ ತುಂಬಾ ಜನ ತಿಳಿದಿದ್ದಾರೆ. ಅದರಲ್ಲಿ ಗ್ಲೈಕಾಲ್ ಇದೆ, ತುಕ್ಕು ತಡೆಯುವ ಮದ್ದು ಇದೆ. ಹಾಸನದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ನಾವು ಎತ್ತರದಲ್ಲಿದ್ದೇವಲ್ಲ. ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದು ಕುದಿಯುವ ಬಿಂದುವನ್ನು 120 ಡಿಗ್ರಿಯ ಹತ್ತಿರಕ್ಕೆ ತರುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಇದ್ದರೆ ಅದಕ್ಕಿಂತಲೂ ಮೇಲೆ. ಹಾಗಾಗಿ ಮುಚ್ಚಳದ ರಬ್ಬರ್ ಹೋಗಿದ್ದರೆ ಪಂಪಿಗೂ ಪೆಟ್ಟು. ಒತ್ತಡ ಇಲ್ಲದಾಗ ಪಂಪ್ ಎಳೆದುಕೊಳ್ಳುವ ಬಾಯಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅವು ರೆಕ್ಕೆಯ ಮೇಲೆ ಒಡೆದು ಲೋಹವನ್ನೇ ಕಿತ್ತು ತಿನ್ನುತ್ತವೆ. ನೀರಿನ ಗುಳ್ಳೆ ಕಬ್ಬಿಣ ತಿನ್ನುತ್ತದೆ ಅಂದರೆ ನನ್ನ ಹುಡುಗರೂ ಮೊದಲು ನಂಬಲಿಲ್ಲ. ಚುಕ್ಕೆ ಚುಕ್ಕೆ ಗುಳಿ ಬಿದ್ದ ಇಂಪೆಲ್ಲರ್ ತೋರಿಸಿದ ಮೇಲೆ ನಂಬಿದರು.

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು ಅಂದರೆ ಹಳೆಯದು, ಕೆಂಪು ಅಂದರೆ ಹೊಸದು ಅನ್ನುವ ಕಾಯಿದೆ ಎಲ್ಲೂ ಇಲ್ಲ, ಕಂಪನಿಗೊಂದು ಬಣ್ಣ. ಓನರ್ಸ್ ಮ್ಯಾನುಯಲ್‌ನಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನು ಹಾಕಿ. ಹೊಂದದ ಎರಡನ್ನು ಬೆರೆಸಿದರೆ ಕೆಲವೊಮ್ಮೆ ಒಡೆದ ಹಾಲಿನ ಹಾಗೆ ಗಸಿ ಕಟ್ಟುತ್ತದೆ. ಗಟ್ಟಿ ಕೂಲೆಂಟ್ ಕೊಂಡರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿಗೆ ಸಿಗುತ್ತದೆ, ಚಿಲ್ಲರೆ ಕಾಸು.

ಎರಡನೆಯ ಕೊಲೆಗಾರ ಬೆಲ್ಟ್. ಕಿರುಗುಟ್ಟುತ್ತದೆ ಅಂತ ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವವರಿದ್ದಾರೆ. ಆ ಎಳೆತವೆಲ್ಲ ಪಂಪಿನ ಬೇರಿಂಗಿನ ಮೇಲೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇದಕ್ಕೆ ಇನ್ನೊಂದು ಸೇರುತ್ತಿತ್ತು. ಆಗ ಫ್ಯಾನ್ ಕೂಡ ಪಂಪಿನ ಮೂಗಿಗೇ ಕೂತಿರುತ್ತಿತ್ತು. ಫ್ಯಾನಿನ ಒಂದು ಎಲೆ ಸ್ವಲ್ಪ ಬಾಗಿದರೂ ತೂಕ ತಪ್ಪಿ ಬೇರಿಂಗ್ ಗಡಗಡ. ನಮ್ಮ ಗುರುಗಳು ಬೆಳಗ್ಗೆ ಗ್ಯಾರೇಜಿಗೆ ಬಂದ ಅಂಬಾಸಿಡರಿನ ಫ್ಯಾನ್ ಹಿಡಿದು ಅಲ್ಲಾಡಿಸದೆ ಕಾಫಿ ಕುಡಿಯುತ್ತಿರಲಿಲ್ಲ.

ಈಗ ಘಾಟಿಯಲ್ಲಿ ಬಿಸಿಯಾಗಿಯೇ ಹೋಯಿತು ಅಂತಿಟ್ಟುಕೊಳ್ಳಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಏರಲು ಶುರುವಾದ ಕೂಡಲೇ ಏಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಬೆವರು ಸುರಿಯುತ್ತದೆ, ಸುರಿಯಲಿ. ಹೀಟರ್ ಅಂದರೆ ಒಳಗಿರುವ ಮರಿ ರೇಡಿಯೇಟರ್, ಒಂದಿಷ್ಟು ಬಿಸಿ ಅಲ್ಲಿಂದ ಹೋಗುತ್ತದೆ. ಜಾಗ ಸಿಕ್ಕಿದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಇನ್ನೆರಡು ಕಿಲೋಮೀಟರ್ ಹೋದರೆ ಹೋಟೆಲ್ ಇದೆ ಅನ್ನಬೇಡಿ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯುಮಿನಿಯಂನದು, ಆ ಎರಡು ಕಿಲೋಮೀಟರಿನಲ್ಲಿ ಸೊಟ್ಟಗಾಗಲು ಅದಕ್ಕೆ ಸಮಯ ಬೇಕಾದಷ್ಟಿದೆ. ಪಂಪಿನ ಖರ್ಚು ಕೆಲವು ಸಾವಿರ, ಹೆಡ್ ಕೆಲಸ ಹತ್ತಾರು ಸಾವಿರ.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಕುಕ್ಕರಿನ ಆವಿ ಇಳಿಯದೆ ಮುಚ್ಚಳ ತೆಗೆಯುವಿರಾ? ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಪಕ್ಕದ ತೊರೆಯಿಂದ ತಣ್ಣನೆಯ ನೀರು ತಂದು ಕಾದ ಎಂಜಿನ್ನಿಗೆ ಸುರಿದರೆ ಲೋಹ ಬಿರುಕು ಬಿಡಬಹುದು. ಎಂಜಿನ್ ತಣ್ಣಗಾದ ಮೇಲೆ, ಬೇರೆ ಗತಿ ಇಲ್ಲದಿದ್ದರೆ ಆ ನೀರೇ ಹಾಕಿ ಊರು ಸೇರಿ, ಬೈಯುವುದಿಲ್ಲ. ಆಮೇಲೆ ಅದನ್ನು ಪೂರ್ತಿ ಖಾಲಿ ಮಾಡಿಸಿ, ಅಷ್ಟೇ.

ಇನ್ನೊಂದು ಮೋಸ ತಿಳಿದಿರಲಿ. ಕೂಲೆಂಟ್ ಎಲ್ಲ ಸೋರಿಹೋದ ಮೇಲೆ ಮುಳ್ಳು ಕೆಲವೊಮ್ಮೆ ಕೆಳಗೆ ಇಳಿಯುತ್ತದೆ! ಸೆನ್ಸರ್ ಅಳೆಯುವುದು ತನ್ನ ಸುತ್ತಲಿನ ಕೂಲೆಂಟಿನ ಬಿಸಿಯನ್ನು. ಅಲ್ಲಿ ಕೂಲೆಂಟೇ ಇಲ್ಲದಿದ್ದರೆ ಏನನ್ನು ಅಳೆಯಬೇಕು? "ತಣ್ಣಗಾಯ್ತು ಸರ್, ಅದಕ್ಕೇ ಓಡಿಸ್ಕೊಂಡು ಬಂದೆ" ಅಂದವರ ಎಂಜಿನ್ ಪೂರ್ತಿ ಬಿಚ್ಚಿದ್ದೇನೆ. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ಒಂದು ದೀಪ. ನನಗೆ ಇದರ ಮೇಲೆ ಸಿಟ್ಟಿದೆ. ಕೆಂಪು ದೀಪ ಹೊತ್ತುವ ಹೊತ್ತಿಗೆ ಮಾತು ಮುಗಿದಿರುತ್ತದೆ.

ಪಂಪ್ ಬದಲಿಸುವುದಕ್ಕೆ ಬರೋಣ. ನಿಮ್ಮಲ್ಲಿ ಕೆಲವರು ಮನೆಯಲ್ಲೇ ಮಾಡುವವರಿದ್ದೀರಿ, ಕೈ ಎತ್ತಿದ್ದು ನೋಡಿದೆ. ಮೊದಲು ತಿಳಿಯಬೇಕಾದದ್ದು, ನಿಮ್ಮ ಗಾಡಿಯ ಪಂಪನ್ನು ಓಡಿಸುವ ಬೆಲ್ಟ್ ಯಾವುದು? ಸ್ವಿಫ್ಟ್ ಡೀಸೆಲಿನ 1.3 ಲೀಟರ್ ಎಂಜಿನ್ನಿನಂತೆ ಹೊರಗಿನ ಬೆಲ್ಟ್ ಆದರೆ ಧೈರ್ಯ ಮಾಡಬಹುದು. ಡಸ್ಟರ್, ಟೆರಾನೊಗಳಲ್ಲಿದ್ದ 1.5 ಲೀಟರ್ ಡೀಸೆಲ್‌ನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಬೆಲ್ಟ್. ಅಲ್ಲಿ ಪಂಪಿನ ಬೇರಿಂಗ್ ಬಿಗಿದುಕೊಂಡರೆ ಬೆಲ್ಟ್ ಹಲ್ಲು ಹಾರುತ್ತದೆ ಅಥವಾ ತುಂಡಾಗುತ್ತದೆ. ಮೇಲೆ ಬರುವ ಪಿಸ್ಟನ್ನಿಗೆ ತೆರೆದ ವಾಲ್ವ್ ಡಿಕ್ಕಿ. ಆಮೇಲೆ ಬಿಲ್ ನೋಡಿದವರು ಗಾಡಿ ಮಾರುವ ಮಾತಾಡುತ್ತಾರೆ. ಇಂಥ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವಾಗ ಪಂಪ್, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಎಲ್ಲ ಸೇರಿಸಿಯೇ ಬದಲಿಸಿ. ಪಂಪ್ ಚೆನ್ನಾಗಿದೆಯಲ್ಲ ಅಂತ ಬಿಟ್ಟರೆ, ಆರು ತಿಂಗಳಿಗೆ ಅದು ಸೋರಿದಾಗ ಅದೇ ಕೂಲಿ ಇನ್ನೊಮ್ಮೆ. ಈ ಕೆಲಸದಲ್ಲಿ ಪಂಪಿನ ಬೆಲೆಗಿಂತ ಅಲ್ಲಿಗೆ ತಲುಪುವ ಕೂಲಿಯೇ ಜಾಸ್ತಿ. ಟೈಮಿಂಗ್ ಮಾರ್ಕ್ ಕೂಡಿಸಿ ಅಭ್ಯಾಸ ಇಲ್ಲದವರು ಇದನ್ನು ಮನೆಯಲ್ಲಿ ಮಾಡಬೇಡಿ.

ಹೊರಗಿನ ಬೆಲ್ಟ್ ಗಾಡಿಯಾದರೆ, ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ಕಳಚಿ. ಬೆಲ್ಟ್ ಹೇಗೆ ಸುತ್ತಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪುಲ್ಲಿಯ ಬೋಲ್ಟ್‌ಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲಿಸಿ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಕೈಯಲ್ಲಿ ನಿಲ್ಲುವುದಿಲ್ಲ, ಸುಮ್ನೆ ಒದ್ದಾಡುತ್ತೀರಿ. ಕೂಲೆಂಟನ್ನು ಅಗಲವಾದ ಟಬ್ಬಿಗೆ ಇಳಿಸಿ.

ಟಬ್ಬನ್ನು ಅಂಗಳದಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ ನೆಕ್ಕುತ್ತದೆ, ಬೆಕ್ಕು ನೆಕ್ಕುತ್ತದೆ. ಸ್ವಲ್ಪವೇ ಸಾಕು, ಕಿಡ್ನಿ ಹೋಗುತ್ತದೆ. ನೀರಿನ ಬಾಟಲಿಗೆ ತುಂಬಿ ಇಡುವ ಅಭ್ಯಾಸವಂತೂ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಚರಂಡಿಗೂ ಚೆಲ್ಲಬೇಡಿ.

ಪಂಪಿನ ಬೋಲ್ಟ್‌ಗಳು ನೋಡಲು ಒಂದೇ ಥರ, ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಬ್ಲಾಕ್ ಒಡೆಯಬಹುದು, ಇಲ್ಲವೇ ಬೋಲ್ಟ್ ತಳ ಮುಟ್ಟಿ ನಿಂತು ಪಂಪ್ ಸಡಿಲವಾಗಿಯೇ ಉಳಿಯುತ್ತದೆ. ಹೊಸ ಪಂಪ್ ಬಂದ ರಟ್ಟಿನ ಡಬ್ಬ ಇದೆಯಲ್ಲ, ಅದರ ಮೇಲೆ ಪಂಪಿನ ಆಕಾರ ಬರೆಯಿರಿ. ಕಳಚಿದ ಬೋಲ್ಟನ್ನು ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚಿ. ಇಪ್ಪತ್ತು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ, ಇದಕ್ಕಿಂತ ಒಳ್ಳೆಯ ಟೂಲ್ ಕಂಡಿಲ್ಲ.

ಹಳೆಯ ಗ್ಯಾಸ್ಕೆಟ್ ಕೆರೆಯಲು ಉಳಿ, ಸ್ಕ್ರೂಡ್ರೈವರ್ ಬೇಡ. ಅಲ್ಯುಮಿನಿಯಂ ಮೆದು. ಒಂದು ಗೀರು ಬಿದ್ದರೆ ಅದೇ ಸೋರುವ ದಾರಿ. ಬಿದಿರಿನ ಚಕ್ಕೆ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು, ತಾಳ್ಮೆ ಬೇಕು. ಆಮೇಲೆ ಸಿಲಿಕೋನ್ ಪೇಸ್ಟ್. ನಮ್ಮವರಿಗೆ ಇದರ ಮೇಲೆ ಎಂಥ ಪ್ರೀತಿಯೋ! ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚುತ್ತಾರೆ. ಹೊರಗೆ ಉಕ್ಕಿದ್ದು ಕಾಣುತ್ತದೆ, ಅಷ್ಟೇ ಒಳಗೂ ಉಕ್ಕಿರುತ್ತದೆ. ಅದು ಕಿತ್ತು ಹೋಗಿ ರೇಡಿಯೇಟರ್ ಕೊಳವೆಯಲ್ಲೋ ಥರ್ಮೋಸ್ಟಾಟಿನಲ್ಲೋ ಕೂರುತ್ತದೆ. ಪಂಪಿನ ಜೊತೆ ಪೇಪರ್ ಅಥವಾ ಲೋಹದ ಗ್ಯಾಸ್ಕೆಟ್ ಬಂದಿದ್ದರೆ, ಕಂಪನಿ ಹೇಳದ ಹೊರತು ಒಣಗಿಯೇ ಕೂರಿಸಿ. ರಬ್ಬರ್ ಓ-ರಿಂಗ್ ಆದರೆ ಸ್ವಲ್ಪ ಕೂಲೆಂಟ್ ಸವರಿ. ಗ್ರೀಸ್ ಬೇಡ, ಕೆಲವು ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ.

ಈಗ ಮೂರನೆಯ ಪಂಪಿನ ಕಥೆ. ಕೆಲಸ ಕಲಿತು ಸ್ವಂತ ಗ್ಯಾರೇಜ್ ಹಾಕಿದ ಹೊಸದು. ಪಂಪ್ ತನ್ನ ಜಾಗದಲ್ಲಿ ಸರಿಯಾಗಿ ಕೂರಲಿಲ್ಲ. ಪಂಪನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಎರಡು ಲೊಕೇಟಿಂಗ್ ಪಿನ್‌ಗಳ ಪೈಕಿ ಒಂದಕ್ಕೆ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ತೆಗೆಯಲು ಹತ್ತು ನಿಮಿಷ ಬೇಕಿತ್ತು. ನಾನು ಸುತ್ತಿಗೆ ತಗೊಂಡು ಶಾಫ್ಟಿನ ಮೂತಿಗೆ ಎರಡು ಏಟು ಕೊಟ್ಟೆ. ಕೂತಿತು. ಗಾಡಿ ಹೋಯಿತು. ಎರಡು ತಿಂಗಳಿಗೆ ವಾಪಸ್, ಸೀಲ್ ಸೋರುತ್ತಿದೆ. ಶಾಫ್ಟಿಗೆ ಕೊಟ್ಟ ಏಟು ನೇರ ಹೋಗಿ ಆ ಪಿಂಗಾಣಿಯಂಥ ಉಂಗುರಕ್ಕೆ ಬಿದ್ದಿತ್ತು. ಕೂದಲೆಳೆಯ ಬಿರುಕು. ಕಂಪನಿಯ ಪಂಪ್ ಸರಿಯಿಲ್ಲ ಅಂತ ಗಿರಾಕಿಯ ಎದುರು ಬಾಯಿ ಬಿಡುವವನಿದ್ದೆ, ಬಿಚ್ಚಿ ನೋಡಿದ ಮೇಲೆ ನುಂಗಿಕೊಂಡೆ. ಹೊಸ ಪಂಪ್ ನನ್ನ ಕಾಸಿನಿಂದ ಹಾಕಿಕೊಟ್ಟೆ. ಇದನ್ನು ಅವತ್ತಿನಿಂದ ಬಿಸಾಡಿಲ್ಲ.

ಬೋಲ್ಟ್‌ಗಳನ್ನು ಕೈಯಲ್ಲೇ ಎರಡು ಮೂರು ಸುತ್ತು ಹಿಡಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 10ರ ಸ್ಪ್ಯಾನರ್ ಹಿಡಿಯುವ ಸಣ್ಣ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಅದು ನಿಮ್ಮ ಮಣಿಕಟ್ಟಿನ ಬಲ, ತೋಳಿನ ಬಲ ಅಲ್ಲ. ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ.

ಕೂಲೆಂಟ್ ತುಂಬುವ ಮೊದಲು "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅನ್ನುವವರು ಇದ್ದೇ ಇರುತ್ತಾರೆ. ಬೇಡ. ಸೀಲಿಗೆ ಕೂಲೆಂಟೇ ಎಣ್ಣೆ ಅಂದಿದ್ದೆನಲ್ಲ. ಒಣಗಿದ ಸೀಲನ್ನು ಕೆಲವೇ ಸೆಕೆಂಡ್ ತಿರುಗಿಸಿದರೂ ಕಾದು ಗೀರು ಬೀಳುತ್ತದೆ.

ತುಂಬುವಾಗ ಗಾಳಿ ಸಿಕ್ಕಿಹಾಕಿಕೊಳ್ಳುವುದೇ ದೊಡ್ಡ ತಲೆನೋವು. ಗಾಡಿಯ ಮೂಗು ಸ್ವಲ್ಪ ಮೇಲಿರುವ ಹಾಗೆ ನಿಲ್ಲಿಸಿ. ಹೀಟರ್ ಬಿಸಿಗೆ ತಿರುಗಿಸಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ತೆರೆದು, ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ಬಿಡಿ. ನಿಧಾನಕ್ಕೆ ಹುಯ್ಯಿರಿ, ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಂಡುತ್ತಾ ಇರಿ, ಗುಳುಗುಳು ಅಂತ ಗಾಳಿ ಬರುತ್ತದೆ. ಎಂಜಿನ್ ಓಡಿಸಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಪಕ್ಕದಲ್ಲೇ ನಿಂತಿರಿ. ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಇನ್ನೂ ಒಳಗೆ ಗಾಳಿ ಇದೆ. ಮರುದಿನ ಬೆಳಗ್ಗೆ, ತಣ್ಣಗಿರುವಾಗ, ಮಟ್ಟ ಮತ್ತೆ ನೋಡಿ. ಸ್ವಲ್ಪ ಇಳಿದೇ ಇರುತ್ತದೆ.

ಒಬ್ಬರು ಚೀಟಿ ಕಳಿಸಿದ್ದಾರೆ: ಎಲೆಕ್ಟ್ರಿಕ್ ಕಾರು ಬಂದ ಮೇಲೆ ಇದೆಲ್ಲ ಯಾಕೆ? ಒಳ್ಳೆಯ ಪ್ರಶ್ನೆ. ಬೆಲ್ಟಿಲ್ಲದ ಪಂಪ್ ಆಗಲೇ ಬಂದಿದೆ. 2009ರಲ್ಲಿ ಬಂದ ಮೂರನೆಯ ತಲೆಮಾರಿನ ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರಿನಲ್ಲೇ ಎಂಜಿನ್ನಿನ ವಾಟರ್ ಪಂಪ್ ಕರೆಂಟಿನಿಂದ ಓಡುತ್ತಿತ್ತು. ನೆಕ್ಸಾನ್ ಇವಿಯಂಥ ಗಾಡಿಗಳ ಬ್ಯಾಟರಿಯನ್ನು ತಣ್ಣಗಿಡುವುದೂ ಕೂಲೆಂಟೇ, ಅದನ್ನು ತಳ್ಳುವುದೂ ಪಂಪೇ. ಬೆಲ್ಟ್ ಬಿಗಿದು ಕೊಲ್ಲುವ ಹಾಗಿಲ್ಲ ಅನ್ನುವುದೊಂದು ಸಮಾಧಾನ. ಆದರೆ ಅದಕ್ಕೆ ಸಿಕ್ಕಿದ ನೀರು ಸುರಿಯುವ ಹಾಗೂ ಇಲ್ಲ, ಕೂಲೆಂಟಿನ ವಿಷಯದಲ್ಲಿ ಅವು ಇನ್ನೂ ಮಡಿ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಇನ್ನೊಂದು ಚೀಟಿ. ಹೊರಗಿನ ಬೆಲ್ಟ್ ಗಾಡಿಗೆ ಅಂಥ ಲೆಕ್ಕ ಇಟ್ಟುಕೊಳ್ಳಬೇಡಿ. ಒಳ್ಳೆಯ ಕೂಲೆಂಟ್ ಕಂಡ ಪಂಪ್ 1 ಲಕ್ಷ ಕಿಲೋಮೀಟರ್ ದಾಟುವುದು ಮಾಮೂಲಿ. ಬೋರ್‌ವೆಲ್ ನೀರು ಕುಡಿದದ್ದು 40 ಸಾವಿರಕ್ಕೇ ಮಲಗಿದ್ದನ್ನು ನೋಡಿದ್ದೇನೆ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ, ಟಾರ್ಚ್ ಹಾಕಿ ಆ ತೂತಿನ ಕೆಳಗೆ ನೋಡಿ. ಎರಡು ನಿಮಿಷದ ಕೆಲಸ.

ಹೇಳಿಕೊಡುವವನು ತನ್ನದನ್ನು ನೋಡಿಕೊಳ್ಳದಿದ್ದರೆ ಹೇಗೆ ಅಂತ ನಿನ್ನೆ ಸಂಜೆ ನನ್ನ ಕಾರಿಗೂ ಟಾರ್ಚ್ ಬಿಟ್ಟೆ. ಗುಲಾಬಿ ಗೆರೆ ಇದೆ. ಒಂದು ಬೆರಳಷ್ಟು ಉದ್ದ, ಒಣಗಿದೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಿಚ್ಚುತ್ತೇನೆ. ನೋಡಬೇಕು ಅನ್ನುವವರು ಗ್ಯಾರೇಜಿಗೆ ಬನ್ನಿ. ಬರುವಾಗ ಮೂರನೆಯ ಪಂಪ್ ಯಾರ ಹತ್ತಿರ ಉಳಿದಿದೆಯೋ ಅವರು ತನ್ನಿ, ಮೇಜಿನ ಮೇಲೆ ಈಗ ಎರಡೇ ಇವೆ.